ಮಗನಿಗಿಂತ ಕಿರಿಯಳಾದ ತಾಯಿ

1970ರಲ್ಲಿ ತೆರೆ ಕಂಡ 'ಜಾನಿ ಮೇರಾ ನಾಮ್' ಹಿಂದಿ ಚಿತ್ರ ಒಂದು ಕಾಲಕ್ಕೆ ಊರೂರಲ್ಲೂ ಜನರನ್ನು ಥಿಯೇಟರಿಗೆ ಎಳೆದು ತಂದಿತ್ತು. ಬಾಲ್ಯದಲ್ಲಿಯೇ ಅಗಲಿಹೋದ ಅಣ್ಣತಮ್ಮಂದಿರ ಕಥೆ ಅದು. ಅಣ್ಣನಾಗಿ ಪ್ರಾಣ್, ತಮ್ಮನಾಗಿ ದೇವ್ ಆನಂದ್, ಅವರ ತಾಯಿಯಾಗಿ ಸುಲೋಚನಾ. ಮಕ್ಕಳ ಹಾದಿ ಕಾಯುವ ಆ ತಾಯಿಯನ್ನು ಕಂಡು ಕಣ್ಣೊರೆಸಿಕೊಂಡ ಪ್ರೇಕ್ಷಕರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಿರಲಾರರು. ಪ್ರಾಣ್ ಹುಟ್ಟಿದ್ದು 1920ರಲ್ಲಿ, ದೇವ್ ಆನಂದ್ 1923ರಲ್ಲಿ. ಇವರನ್ನು 'ಹೆತ್ತ' ತಾಯಿ ಹುಟ್ಟಿದ್ದು 1928ರ ಜುಲೈ 30ರಂದು! ಹಿರಿಯ ಮಗನಿಗಿಂತ ತಾಯಿ ಎಂಟು ವರ್ಷಕ್ಕೆ ಚಿಕ್ಕವಳು, ಕಿರಿಯವನಿಗಿಂತ ಐದು ವರ್ಷಕ್ಕೆ.

ನಮ್ಮ ವಾಚಕರಲ್ಲಿ ಹಲವರಿಗೆ ತಿಳಿಯದ ಇನ್ನೊಂದು ಸಂಗತಿಯೂ ಉಂಟು. ಹಿಂದಿ ಚಿತ್ರರಂಗದ ಈ ತಾಯಿ ನಮ್ಮ ಕಡೆಯವಳೇ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಖಡಕಲಾಟ ಎಂಬ ಹಳ್ಳಿ ಆಕೆಯ ಹುಟ್ಟೂರು. ಸುಲೋಚನಾ ಲಾಟ್ಕರ್ ಎಂಬ ಪೂರ್ಣ ಹೆಸರನ್ನು ಉಚ್ಚರಿಸಿದರೆ ಕಿವಿಗೆ ಆ ಊರಿನ ಸದ್ದು ಬೀಳದಿರದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ನಾಡು ಎರಡು ಭಾಷೆಗಳ ತೊಟ್ಟಿಲು. ಒಂದೇ ಸಂತೆಯಲ್ಲಿ ತಂಬಾಕಿನ ಬೆಲೆಯನ್ನು ಮರಾಠಿಯಲ್ಲಿ ಕೇಳಿ ಕನ್ನಡದಲ್ಲಿ ಚೌಕಾಶಿ ಮಾಡುವವರು ಇಲ್ಲಿನ ಜನ. ಸುಲೋಚನಾಬಾಯಿಯವರ ಬಾಲ್ಯದಲ್ಲಿ ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ನೆರೆಯ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದಾಗಿತ್ತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗಡಿರೇಖೆ ನಕಾಶೆಯ ಮೇಲೆ ಬಿದ್ದಿತಾದರೂ ಬಂಡಿಯ ಜಾಡು ಮಾತ್ರ ಮೊದಲಿನಂತೆ ಕೊಲ್ಹಾಪುರ, ಮಿರಜ, ಸಾಂಗ್ಲಿಗಳ ಕಡೆಗೇ ಸಾಗುತ್ತಿತ್ತು.

ಆ ಜಾಡಿನಲ್ಲಿ ನಾಟಕ, ಸಿನೆಮಾಗಳೂ ಸಂಚರಿಸಿದವು. ಮರಾಠಿ ರಂಗಭೂಮಿಯ ಆರಂಭವೆಂದು ಗಣಿಸಲಾಗುವ 'ಸೀತಾ ಸ್ವಯಂವರ' ನಾಟಕವನ್ನು ವಿಷ್ಣುದಾಸ ಭಾವೆಯವರು 1843ರಲ್ಲಿ ಆಡಿಸಿದ್ದು ಕಾಗವಾಡಕ್ಕೆ ಸಮೀಪದ ಸಾಂಗ್ಲಿಯಲ್ಲಿ. ಅದಕ್ಕೆ ಪ್ರೇರಣೆಯಾದದ್ದು ಹೊನ್ನಾವರದ ಬಳಿಯ ಕರ್ಕಿಯಿಂದ ಹಿಂದಿನ ವರ್ಷ ಅಲ್ಲಿಗೆ ಬಂದಿದ್ದ ಕನ್ನಡ ಮೇಳದ ಆಟ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಪಡೆದ ಸಾಲ ಬಡ್ಡಿಸಮೇತ ಮರಳಿ ಬಂದಿತೆಂಬುದನ್ನೂ ಹೇಳಬೇಕು. ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ಎಂಬ ಅದ್ಭುತ ಕುಶಲಿ ತಾನೇ ಕ್ಯಾಮರಾ ನಿರ್ಮಿಸಿ, 1920ರಲ್ಲಿ 'ಸೈರಂಧ್ರಿ' ಮೂಕಚಿತ್ರವನ್ನು ತೆಗೆದರು. ಅವರ ಗರಡಿಯಲ್ಲಿ ಪಳಗಿದ ಶಾಂತಾರಾಮ್ ಮುಂತಾದವರು 1929ರಲ್ಲಿ ಅದೇ ಊರಲ್ಲಿ ಪ್ರಭಾತ್ ಕಂಪನಿಯನ್ನು ಕಟ್ಟಿದರು. ಪ್ರಭಾತ್ 1933ರಲ್ಲಿ ಪುಣೆಗೆ ಹೋದರೂ ಕೊಲ್ಹಾಪುರದ ಸ್ಟುಡಿಯೋಗಳ ದೀಪ ಆರಲಿಲ್ಲ. ನಿಪ್ಪಾಣಿಯ ಸುತ್ತಿನ ಹಳ್ಳಿಗಳ ಪಾಲಿಗೆ ಸಿನೆಮಾ ಎಂಬುದು ದೂರದ ಮುಂಬಯಿಯ ಮಾಯೆಯಾಗಿರದೆ, ನಾಲ್ಕು ತಾಸಿನ ಪ್ರಯಾಣದ ಆಚೆ ನಡೆಯುತ್ತಿದ್ದ ಕಸುಬಾಗಿತ್ತು.

ಹೀಗೆ 1943ರ ಸುಮಾರಿಗೆ ಹದಿನೈದು ವರ್ಷದ ಹುಡುಗಿಯೊಬ್ಬಳು ಕೊಲ್ಹಾಪುರದಲ್ಲಿ ಮಾಸ್ಟರ್ ವಿನಾಯಕರ ಪ್ರಫುಲ್ಲ ಪಿಕ್ಚರ್ಸ್ ಕಂಪನಿಯನ್ನು ಸೇರಿದಳು. (ಮುಂದೆ ಹಿಂದಿಯಲ್ಲಿ ಹೆಸರಾದ ನಟಿ ನಂದಾ ಈ ವಿನಾಯಕರ ಮಗಳು.) 'ಚಿಮುಕಲಾ ಸಂಸಾರ್' ಎಂಬ ಚಿತ್ರದಲ್ಲಿ ಅವಳಿಗೊಂದು ಚಿಕ್ಕ ಪಾತ್ರ. ಕಂಪನಿಯ ಸುಶಿಕ್ಷಿತ ನಟನಟಿಯರ ನಡುವೆ ಹಳ್ಳಿಯ ಹುಡುಗಿ ಬಾಯಿ ತೆರೆಯುವುದೇ ಕಷ್ಟವಾಯಿತು. ಅವಳ ಮಾತಿನಲ್ಲಿ ಗಡಿನಾಡಿನ ಮಣ್ಣಿನ ವಾಸನೆ, ಕೇಳಿದವರಿಗೆ ನಗು. ನಗುವವರ ಆ ಗುಂಪಿನಲ್ಲಿ ನಗದೆ ಸ್ನೇಹ ಮಾಡಿದ ಒಬ್ಬ ಹುಡುಗಿಯಿದ್ದಳು. ಹಿಂದಿನ ವರ್ಷವಷ್ಟೇ ತಂದೆಯನ್ನು ಕಳೆದುಕೊಂಡು, ಮನೆಯ ಹೊರೆ ಹೊತ್ತು, ಮನಸ್ಸಿಲ್ಲದಿದ್ದರೂ ಬಣ್ಣ ಹಚ್ಚುತ್ತಿದ್ದ ಆ ಹುಡುಗಿಯ ಹೆಸರು ಲತಾ ಮಂಗೇಶ್ಕರ್. ಒಂದು ವರ್ಷದ ಅಂತರದ ಈ ಇಬ್ಬರು ಕಿಶೋರಿಯರ ಗೆಳೆತನ ಕೊನೆಯವರೆಗೂ ಉಳಿಯಿತು.

ವಿನಾಯಕರು ಕಂಪನಿಯನ್ನು ಮುಂಬಯಿಗೆ ಒಯ್ದಾಗ ಹುಡುಗಿ ಕೊಲ್ಹಾಪುರದಲ್ಲೇ ಉಳಿದು, ಭಾಲಜಿ ಪೆಂಢಾರ್ಕರರ ಜಯಪ್ರಭಾ ಸ್ಟುಡಿಯೋವನ್ನು ಸೇರಿದಳು. ಅವಳ ಬದುಕಿನ ದಿಕ್ಕು ತಿರುಗಿದ್ದು ಅಲ್ಲಿ. 1991ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಭಾಲಜಿಯವರದು ಸ್ಟುಡಿಯೋ ಎನ್ನುವುದಕ್ಕಿಂತ ಗುರುಕುಲ. ಶಿವಾಜಿಯ ಕಾಲದ ಕಥೆಗಳನ್ನು ತೆಗೆಯುತ್ತಿದ್ದ ಅವರಲ್ಲಿ ನಟಿಯರೂ ಕುದುರೆ ಏರಬೇಕು, ಲಾಠಿ ತಿರುಗಿಸಬೇಕು. ಹುಡುಗಿಯ ವಿಶಾಲವಾದ ಕಣ್ಣುಗಳನ್ನು ನೋಡಿ 'ಸುಲೋಚನಾ' ಎಂದು ಹೆಸರಿಟ್ಟವರೂ ಅವರೇ. ನಾಲಗೆಯ ತೊಡಕಿಗೆ ಅವರು ಕೊಟ್ಟ ಮದ್ದು ವಿಚಿತ್ರವಾದದ್ದು. ಸಂಸ್ಕೃತ ಪುಸ್ತಕವೊಂದನ್ನು ಕೈಗಿತ್ತು, ಅರ್ಥವಾಗಲಿ ಬಿಡಲಿ, ದಿನವೂ ಗಟ್ಟಿಯಾಗಿ ಓದೆಂದರಂತೆ. ಓದಿದಳು. ಕೆಲವು ವರ್ಷಗಳಲ್ಲಿ ಆಕೆಯ ಮರಾಠಿ ಸ್ವಚ್ಛವಾದ ಉಚ್ಚಾರಣೆಗೆ ಮಾದರಿಯೆನಿಸಿತು. ಇದರಲ್ಲಿ ಗುರುವಿನ ಜಾಣ್ಮೆ ಎಷ್ಟೋ, ನಕ್ಕವರ ಮುಂದೆ ತಲೆಯೆತ್ತಿ ನಿಲ್ಲಬೇಕೆಂಬ ಶಿಷ್ಯೆಯ ಹಟವೂ ಅಷ್ಟೇ ಎಂದು ನನಗೆ ತೋರುತ್ತದೆ.

1946ರಲ್ಲಿ ಭಾಲಜಿಯವರ 'ಸಾಸುರವಾಸ'ದಿಂದ ಸುಲೋಚನಾ ನಾಯಕಿಯಾದರು. ಎರಡೇ ವರ್ಷಕ್ಕೆ ಸಿಡಿಲು ಬಡಿಯಿತು. 1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಕೊಲೆಗಾರನ ಜಾತಿಯವರ ಮೇಲೆ ರೊಚ್ಚಿಗೆದ್ದ ಗುಂಪುಗಳು ಕೊಲ್ಹಾಪುರದಲ್ಲಿ ಮನೆ ಅಂಗಡಿಗಳಿಗೆ ಕೊಳ್ಳಿಯಿಟ್ಟವು. ಜಯಪ್ರಭಾ ಸ್ಟುಡಿಯೋ ಸುಟ್ಟು ಬೂದಿಯಾಯಿತು. ಒಳಗಿದ್ದ 'ಮೀಠ್ ಭಾಕರ್' ಚಿತ್ರವೂ ಅದರೊಡನೆ ಹೋಯಿತು. ಆ ಹೆಸರಿನ ಅರ್ಥ ಉಪ್ಪು-ರೊಟ್ಟಿ. ನಮ್ಮ ಕಡೆ ಬಡವರ ಊಟಕ್ಕೆ ಬೇರೆ ಹೆಸರಿಲ್ಲ. ಭಾಲಜಿ ಸಾಲದ ಮೇಲೆ ಸಾಲ ಹೊತ್ತು ಸ್ಟುಡಿಯೋವನ್ನೂ ಚಿತ್ರವನ್ನೂ ಮೊದಲಿನಿಂದ ಕಟ್ಟಿದರು. 1949ರಲ್ಲಿ 'ಮೀಠ್ ಭಾಕರ್' ತೆರೆಗೆ ಬಂದಾಗ ಅದರ ತಾರೆ ಸುಲೋಚನಾ.

ಮುಂದಿನ ಹತ್ತು ವರ್ಷ ಮರಾಠಿ ಮನೆಗಳ ಅಕ್ಕ, ಅತ್ತಿಗೆ, ಸೊಸೆ ಎಂದರೆ ಆಕೆಯೇ. 1953ರ 'ವಹಿನೀಂಚ್ಯಾ ಬಾಂಗಡ್ಯಾ' ಚಿತ್ರದಲ್ಲಿ ಮೈದುನನನ್ನು ಮಗನಂತೆ ಕಾಣುವ ಅತ್ತಿಗೆಯ ಪಾತ್ರ ಹೆಂಗಸರ ಮನಸ್ಸಿನಲ್ಲಿ ನೆಲೆಯೂರಿತು. 1959ರ 'ಸಾಂಗತ್ಯೆ ಐಕಾ' ಪುಣೆಯ ವಿಜಯಾನಂದ ಚಿತ್ರಮಂದಿರವೊಂದರಲ್ಲೇ 131 ವಾರ ನಡೆಯಿತು! ಅನಂತ ಮಾನೆ ನಿರ್ದೇಶಿಸಿದ ಆ ತಮಾಷಾ ಚಿತ್ರದಲ್ಲಿ ಹಂಸಾ ವಾಡ್ಕರ್, ಸುಲೋಚನಾ ಅವರೊಡನೆ ಕುಣಿದು ಹೆಸರು ಮಾಡಿದ ಜಯಶ್ರೀ ಗಡ್ಕರ್ ಕಾರವಾರದ ಕಡೆಯವರು ಎಂಬುದನ್ನು ಬಲ್ಲವರು ಬಲ್ಲರು.

ಇಲ್ಲಿಂದಲೇ ನಾನು ಆರಂಭದಲ್ಲಿ ಹೇಳಿದ ಲೆಕ್ಕ ಶುರುವಾಗುತ್ತದೆ. ಮರಾಠಿಯಲ್ಲಿ ನಾಯಕಿಯಾಗಿದ್ದ ಅದೇ ವರ್ಷಗಳಲ್ಲಿ ಮುಂಬಯಿಯ ಹಿಂದಿ ನಿರ್ಮಾಪಕರು ಆಕೆಗೆ ತಾಯಿಯ ಸೀರೆ ಉಡಿಸಿದರು. 1957ರ 'ಅಬ್ ದಿಲ್ಲಿ ದೂರ್ ನಹೀಂ' ಚಿತ್ರದಲ್ಲಿ, ತಂದೆಯನ್ನು ಗಲ್ಲಿನಿಂದ ಉಳಿಸಲು ನೆಹರೂರನ್ನು ಕಾಣಹೊರಡುವ ಬಾಲಕನ ತಾಯಿಯಾದಾಗ ಆಕೆಗೆ ಇಪ್ಪತ್ತೊಂಬತ್ತು, ಅದೇನೋ ಸಹಜವೇ. ಎರಡು ವರ್ಷದ ನಂತರ 'ದಿಲ್ ದೇಕೇ ದೇಖೋ' ಚಿತ್ರದಲ್ಲಿ ಆಕೆ ಶಮ್ಮಿ ಕಪೂರರ ತಾಯಿ. ಶಮ್ಮಿ ಆಕೆಗಿಂತ ಮೂರೇ ವರ್ಷ ಕಿರಿಯರು. ನಾಯಕನಿಗೆ ನಲವತ್ತಾದರೂ ಕಾಲೇಜು ಹುಡುಗನಾಗಿ ಕುಣಿಯಬಹುದು. ನಟಿಗೆ ಮೂವತ್ತು ದಾಟಿತೆಂದರೆ ತಲೆಗೆ ಬಿಳಿ ಬಣ್ಣ ಸಿದ್ಧ. ಈ ಅನ್ಯಾಯದ ಬಗ್ಗೆ ಯಾರೂ ಹೆಚ್ಚು ಮಾತನಾಡಿದ್ದನ್ನು ನಾನು ಕೇಳಿಲ್ಲ.

ಆದರೆ ಅದೇ 1959ರಲ್ಲಿ ಬಂದ ಬಿಮಲ್ ರಾಯರ 'ಸುಜಾತಾ'ವನ್ನು ನೋಡಿದವರು ಈ ದೂರನ್ನು ಸ್ವಲ್ಪ ಹೊತ್ತು ಮರೆಯುತ್ತಾರೆ. ಕಾಲರಾಕ್ಕೆ ತಂದೆತಾಯಿಗಳನ್ನು ಕಳೆದುಕೊಂಡ ಅಸ್ಪೃಶ್ಯ ಶಿಶುವೊಂದು ಬ್ರಾಹ್ಮಣ ಎಂಜಿನಿಯರರ ಮನೆಗೆ ಬರುತ್ತದೆ. ಗೃಹಿಣಿ ಚಾರು ಅದನ್ನು ಸಾಕುತ್ತಾಳೆ. ತನ್ನ ಸ್ವಂತ ಮಗಳೊಡನೆ ಅದೂ ಬೆಳೆಯುತ್ತದೆ. ಆದರೆ ನಾಲ್ಕು ಜನರ ಮುಂದೆ ಪರಿಚಯಿಸುವಾಗ ಚಾರುವಿನ ನಾಲಗೆ ತಡೆಯುತ್ತದೆ. ಒಬ್ಬಳು ಮಗಳು, ಇನ್ನೊಬ್ಬಳು 'ಮಗಳಂತೆ'. ಇಡೀ ಚಿತ್ರದ ಮುಳ್ಳು ಇರುವುದು ಆ 'ಅಂತೆ' ಎಂಬಲ್ಲಿ. ಸುಜಾತೆಯಾದ ನೂತನ್ ಆ ಮುಳ್ಳನ್ನು ಮೌನವಾಗಿ ನುಂಗುವುದನ್ನು ಎಲ್ಲರೂ ಹೊಗಳಿದರು, ಹೊಗಳಬೇಕಾದದ್ದೇ. ಚಾರುವಿನ ಪಾತ್ರ ಅದಕ್ಕಿಂತ ಕಠಿಣವಾದುದು. ಅವಳು ದುಷ್ಟೆಯಲ್ಲ. ದುಷ್ಟೆಯಾಗಿದ್ದರೆ ನಟಿಸುವುದು ಸುಲಭವಾಗುತ್ತಿತ್ತು. ಒಲವು ಎದೆಯವರೆಗೆ ಬಂದು ತುಟಿಯ ಬಳಿ ನಿಂತುಬಿಡುವ ಒಳ್ಳೆಯ ಹೆಂಗಸು ಅವಳು. ನಮ್ಮ ಮನೆಗಳಲ್ಲಿ, ನೆರೆಹೊರೆಯಲ್ಲಿ ಅಂಥವರನ್ನು ನಾವೆಲ್ಲ ಕಂಡಿದ್ದೇವೆ. ಸ್ವಂತ ಮಗಳಿಗೆಂದು ಗೊತ್ತುಮಾಡಿದ ವರ ಸುಜಾತೆಯನ್ನು ಮೆಚ್ಚಿದಾಗ ಚಾರು ಕೆಂಡವಾಗುತ್ತಾಳೆ. ಮೆಟ್ಟಿಲಿಂದ ಬಿದ್ದು ಆಸ್ಪತ್ರೆ ಸೇರುತ್ತಾಳೆ. ಅವಳಿಗೆ ಹೊಂದುವ ರಕ್ತ ಸುಜಾತೆಯದೊಂದೇ. ಕಥೆಯ ಈ ತಿರುವು ತುಸು ಸಲೀಸಾಯಿತೆಂದು ಇಂದಿನವರು ಹೇಳಿಯಾರು. ಆದರೂ ಚೇತರಿಸಿಕೊಂಡ ಚಾರು ಕೊನೆಗೆ ಅವಳನ್ನು ಮಗಳೆಂದು ಅಪ್ಪಿಕೊಳ್ಳುವಾಗ, ಸುಲೋಚನಾ ಆ ಅಪ್ಪುಗೆಯಲ್ಲಿ ಇಪ್ಪತ್ತು ವರ್ಷದ ನಾಚಿಕೆಯನ್ನೂ ಸೇರಿಸಿ ತೋರಿಸುತ್ತಾರೆ. ಆಕೆಗೆ ಆಗ ಮೂವತ್ತೊಂದು ವರ್ಷ ವಯಸ್ಸು, ನೂತನರಿಗೆ ಇಪ್ಪತ್ತಮೂರು.

ಆ ನಂತರ ತಾಯಿಯ ಪಾತ್ರಗಳ ಮಳೆಯೇ ಸುರಿಯಿತು. 'ಆಯೇ ದಿನ್ ಬಹಾರ್ ಕೇ', 'ಕಟೀ ಪತಂಗ್', 'ಮಜಬೂರ್'... ಹಿಂದಿ ಚಿತ್ರಗಳೇ ಇನ್ನೂರೈವತ್ತನ್ನು ಮೀರಿದವೆಂದು ಲೆಕ್ಕ ಹಾಕಿದವರು ಹೇಳುತ್ತಾರೆ. ಅವುಗಳಲ್ಲಿ ಎಷ್ಟೋ ಪಾತ್ರಗಳು ಎರಡು ಸಲ ಅತ್ತು ಒಂದು ಸಲ ಆಶೀರ್ವದಿಸುವುದಕ್ಕೆ ಮುಗಿಯುವಂಥವು. ಅಷ್ಟರಲ್ಲೇ ಆಕೆ ಏನಾದರೊಂದು ನಿಜವಾದ ನೋಟವನ್ನು ಉಳಿಸಿಹೋಗುತ್ತಿದ್ದರು. ಇಲ್ಲೊಂದು ಕೌತುಕ: ಆಕೆಗಿಂತ ಮೊದಲು 'ಶಹೀದ್', 'ಆವಾರಾ' ಚಿತ್ರಗಳಲ್ಲಿ ದಿಲೀಪ್ ಕುಮಾರ್, ರಾಜ್ ಕಪೂರರ ತಾಯಿಯಾಗಿ ಹೆಸರಾದ ಲೀಲಾ ಚಿಟ್ನಿಸ್ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1909ರಲ್ಲಿ. ಅವರು ಮರಾಠಿ ರಂಗಭೂಮಿಯಿಂದ ಬಂದು, ನಾಯಕಿಯಾಗಿ ಮೆರೆದು, ಬಳಿಕ ತಾಯಿಯಾದವರು. ಹಿಂದಿ ತೆರೆಯ ಇಬ್ಬರು ಮಹಾಮಾತೆಯರು ಧಾರವಾಡ, ಬೆಳಗಾವಿ ಜಿಲ್ಲೆಗಳ ಹೆಣ್ಣುಮಕ್ಕಳೆಂದರೆ ನಮ್ಮ ಕಡೆಯ ಅಜ್ಜಿಯಂದಿರು ಹುಬ್ಬೇರಿಸಲಾರರು.

ಒಳ್ಳೆಯ ತಾಯಂದಿರನ್ನು ಬರೆದುಕೊಟ್ಟದ್ದು ಮರಾಠಿ ಚಿತ್ರಗಳೇ. 1963ರ 'ಮೋಲ್ಕರೀಣ್'ದಲ್ಲಿ ಆಕೆ ಮಗನ ಮನೆಯಲ್ಲೇ ಕೆಲಸದವಳಾಗಿ ದುಡಿಯುವ ತಾಯಿ. 1964ರಲ್ಲಿ ಗುರು ಭಾಲಜಿಯವರ 'ಮರಾಠಾ ತಿತುಕಾ ಮೇಳವಾವಾ' ಚಿತ್ರದಲ್ಲಿ ಜೀಜಾಬಾಯಿ. ಅದಕ್ಕೆ ಸಂಗೀತ ನೀಡಿದ 'ಆನಂದಘನ' ಬೇರೆ ಯಾರೂ ಅಲ್ಲ, ಗುಪ್ತನಾಮದ ಲತಾ ಮಂಗೇಶ್ಕರ್. ಪ್ರಫುಲ್ಲ ಕಂಪನಿಯ ಮೂಲೆಯಲ್ಲಿ ಕುಳಿತಿದ್ದ ಹುಡುಗಿಯರಲ್ಲಿ ಒಬ್ಬಳು ರಾಜಮಾತೆ, ಇನ್ನೊಬ್ಬಳು ಆಕೆಯ ಚಿತ್ರಕ್ಕೆ ಸ್ವರ ಕೂಡಿಸುವವಳು!

1968ರ 'ಏಕ್ಟಿ'ಯಲ್ಲಿ ಆಕೆಯ ಮಗನಾದವರು ಡಾಕ್ಟರ್ ಕಾಶೀನಾಥ ಘಾಣೇಕರ್. ಹಲ್ಲಿನ ವೈದ್ಯರಾಗಿದ್ದು ರಂಗಭೂಮಿಗೆ ಬಂದು, 1962ರ 'ರಾಯಗಡಾಲಾ ಜೇವ್ಹಾ ಜಾಗ್ ಯೇತೇ' ನಾಟಕದ ಸಂಭಾಜಿಯಾಗಿ ಪ್ರೇಕ್ಷಕರನ್ನು ಹುಚ್ಚೆಬ್ಬಿಸಿದ ನಟ ಅವರು. ಸುಲೋಚನಾಬಾಯಿಯವರ ಮಗಳು ಕಾಂಚನ ಆ ಹುಚ್ಚಿನಿಂದ ಹೊರತಾಗಲಿಲ್ಲ. ಘಾಣೇಕರ್ ವಯಸ್ಸಿನಲ್ಲಿ ಬಹಳ ಹಿರಿಯರು, ಅದಾಗಲೇ ವಿವಾಹಿತರು. ತೆರೆಯ ಮೇಲೆ ನೂರಾರು ಮಕ್ಕಳ ಪ್ರೇಮವಿವಾಹಕ್ಕೆ ಕಣ್ಣೀರಿನಿಂದ ಒಪ್ಪಿಗೆ ಕೊಟ್ಟ ತಾಯಿ ತನ್ನ ಮನೆಯಲ್ಲಿ ಒಪ್ಪಲಿಲ್ಲ. ವರ್ಷಗಟ್ಟಲೆ ನಡೆದ ಆ ಜಗ್ಗಾಟದ ಕೊನೆಗೆ ಮದುವೆಯಾಯಿತು. ತೆರೆಯ ಮಗ ಅಳಿಯನಾದ. ಘಾಣೇಕರ್ 1986ರಲ್ಲಿ ತೀರಿಕೊಂಡರು. ಕಾಂಚನ ಘಾಣೇಕರರು ಇದನ್ನೆಲ್ಲ 'ನಾಥ್ ಹಾ ಮಾಝಾ' ಎಂಬ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 2018ರಲ್ಲಿ ಬಂದ ಘಾಣೇಕರರ ಜೀವನಚಿತ್ರದಲ್ಲಿ ಸೋನಾಲಿ ಕುಲಕರ್ಣಿ ಸುಲೋಚನಾ ಆಗಿ ನಟಿಸಿದರು. ತಾವು ಇನ್ನೂ ಬದುಕಿರುವಾಗಲೇ ತಮ್ಮ ಪಾತ್ರವನ್ನು ಇನ್ನೊಬ್ಬರು ಆಡುವುದನ್ನು ಕಾಣುವ ಯೋಗ ಎಷ್ಟು ಜನ ನಟಿಯರಿಗುಂಟು?

ಚಿತ್ರರಂಗ ಅವರನ್ನು 'ದೀದಿ' ಎಂದು ಕರೆಯಿತು. 1999ರಲ್ಲಿ ಪದ್ಮಶ್ರೀ, 2009ರ ಮಹಾರಾಷ್ಟ್ರ ಭೂಷಣ ಬಂದವು. ಹೆಸರಿನ ಗೊಂದಲವಂತೂ ಕಡೆಯವರೆಗೂ ತಪ್ಪಲಿಲ್ಲ. ಮೂಕಚಿತ್ರಗಳ ರಾಣಿ ರೂಬಿ ಮೈಯರ್ಸ್ ಸಹ ಸುಲೋಚನಾ ಎಂಬ ಹೆಸರಿನಿಂದಲೇ ಪ್ರಸಿದ್ಧರು. ಲಾವಣಿ ಗಾಯಕಿ ಸುಲೋಚನಾ ಚವ್ಹಾಣ್ ಮತ್ತೊಬ್ಬರು.

2023ರ ಜೂನ್ 4ರಂದು ಮುಂಬಯಿಯಲ್ಲಿ ಸುಲೋಚನಾ ಲಾಟ್ಕರ್ ನಿಧನರಾದಾಗ ಅವರಿಗೆ ತೊಂಬತ್ತನಾಲ್ಕು ವರ್ಷ. ದಾದರಿನ ಶಿವಾಜಿ ಪಾರ್ಕಿನಲ್ಲಿ ಸರಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು. ತೆರೆಯ ಮೇಲಿನ ಮಕ್ಕಳಲ್ಲಿ ನೂತನ್ 1991ರಲ್ಲೇ ಹೋಗಿದ್ದರು. ಶಮ್ಮಿ ಕಪೂರ್ 2011ರ ಆಗಸ್ಟಿನಲ್ಲಿ, ದೇವ್ ಆನಂದ್ ಅದೇ ವರ್ಷದ ಡಿಸೆಂಬರಿನಲ್ಲಿ, ಪ್ರಾಣ್ 2013ರ ಜುಲೈಯಲ್ಲಿ ತೀರಿಕೊಂಡಿದ್ದರು.