ಊಹೆಯೂ ಅನುಮಾನವೂ: ‘ಪಡೀಲ್’ ಎಂಬ ಸ್ಥಳನಾಮದ ನಿದರ್ಶನ

ಕನ್ನಡದ ಲೋಕವ್ಯವಹಾರದಲ್ಲಿ ‘ಅನುಮಾನ’ವೆಂದರೆ ಸಂದೇಹ, ನ್ಯಾಯಶಾಸ್ತ್ರದಲ್ಲಾದರೋ ಅದು ಪ್ರತ್ಯಕ್ಷಾದಿಗಳೊಡನೆ ಎಣಿಸಲ್ಪಟ್ಟ ಪ್ರಮಾಣ. ಒಂದೇ ಶಬ್ದವು ನಿಶ್ಚಯಕ್ಕೂ ಸಂಶಯಕ್ಕೂ ಸಲ್ಲುವುದು ವಿಚಿತ್ರವಾಗಿ ತೋರಬಹುದು. ಆದರೆ ಹೇತುವು ದೃಢವಾಗಿದ್ದರೆ ಮಾತ್ರ ಅನುಮಾನವು ಜ್ಞಾನಸಾಧನ. ಹೇತುವು ಶಿಥಿಲವಾದರೆ ಉಳಿಯುವುದು ಬರಿಯ ಊಹೆ. ಇವೆರಡರ ಎಲ್ಲೆಯನ್ನರಿಯುವುದು ಸ್ಥಳಚರಿತ್ರೆಯನ್ನು ಬರೆಯುವವರಿಗೆ ಅತ್ಯಾವಶ್ಯಕ.

ಗೌತಮನ ನ್ಯಾಯಸೂತ್ರದಲ್ಲಿ, ಅನುಮಾನವು ಪ್ರಮಾಣವೇ ಅಲ್ಲವೆಂಬ ಪೂರ್ವಪಕ್ಷವೊಂದುಂಟು. ನದಿಯು ತುಂಬಿದುದನ್ನು ಕಂಡು ಮೇಲ್ಗಡೆ ಮಳೆಯಾಯಿತೆನ್ನುವುದು ಸಲ್ಲದು. ಪ್ರವಾಹಕ್ಕೆ ತಡೆಯಾದರೂ ನೀರೇರುವುದಷ್ಟೆ ಎಂಬುದು ಆಕ್ಷೇಪ. ಬರಿಯ ಏರಿಕೆಯು ಹೇತುವಲ್ಲ. ಹೆಚ್ಚಿದ ವೇಗ, ನೊರೆ, ತೇಲಿಬರುವ ಎಲೆ ಕಟ್ಟಿಗೆ ಮುಂತಾದುವುಗಳಿಂದ ಕೂಡಿದ ಏರಿಕೆಯೇ ಹೇತುವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಪರಿಹರಿಸುವನು. ಮಂಗಳೂರಿನಲ್ಲಿ ನೇತ್ರಾವತಿಯು ಕಡಲನ್ನು ಸೇರುವೆಡೆ ನೀರು ಉಬ್ಬರದಿಂದಲೂ ಏರುವುದು. ಆ ಏರಿಕೆಯೊಂದನ್ನೇ ಕಂಡು ಘಟ್ಟದಲ್ಲಿ ಮಳೆಯೆಂದವನು ಊಹಿಸಿದನು. ಕೆನ್ನೀರು, ರಭಸ, ತೇಲುಮರ ಇವುಗಳನ್ನೂ ಕಂಡು ಹೇಳಿದವನು ಅನುಮಾನವನ್ನು ಮಾಡಿದನು.

ಇದೇ ಪರೀಕ್ಷೆಯನ್ನು ಆ ನಗರದ ಪಡೀಲ್ ಎಂಬ ಸ್ಥಳದ ಹೆಸರಿಗೂ ಅನ್ವಯಿಸಬಹುದು. ತುಳುವಿನಲ್ಲಿ ‘ಪಡಿಲ್’ ಎಂದರೆ ಸಾಗುವಳಿಯಿಲ್ಲದೆ ಬಿಟ್ಟ ಭೂಮಿ. ಕರಾವಳಿಯ ಕನ್ನಡದಲ್ಲಿ ಅದು ‘ಹಡಿಲು’. ತುಳುವಿನ ಪೂ, ಪಿಲಿ ಎಂಬುವು ಕನ್ನಡದಲ್ಲಿ ಹೂ, ಹುಲಿ ಎಂದಿರುವಂತೆ ಇಲ್ಲಿಯೂ ಪಕಾರಕ್ಕೆ ಹಕಾರವು ಸರಿಹೊಂದುವುದು. ಅನೇಕ ಉದಾಹರಣೆಗಳ ಬಲವಿರುವುದರಿಂದ ಈ ಎರಡು ಶಬ್ದಗಳ ಸಂಬಂಧವು ಅನುಮಾನಸಿದ್ಧ. ಆ ಶಬ್ದವೇ ಸ್ಥಳನಾಮವಾಯಿತೆಂಬುದು ಸಂಭವನೀಯ. ಆದರೆ ಹೆಸರಿನಲ್ಲಿ ‘ಡೀ’ ಎಂಬ ದೀರ್ಘವಿರುವುದಕ್ಕೆ ಸಮಾಧಾನವು ಬೇಕು. ಇನ್ನೂ ಮುಂದುವರಿದು, ಯುದ್ಧದಿಂದಲೋ ಕ್ಷಾಮದಿಂದಲೋ ಒಕ್ಕಲುಗಳು ಹೊರಟುಹೋಗಿ ಊರೆಲ್ಲ ಹಡಿಲು ಬಿದ್ದಿತ್ತೆಂದರೆ ಅದು ನಿರಾಧಾರವಾದ ಊಹೆ. ಒಂದು ಗದ್ದೆಯ ಹೆಸರೇ ಕಾಲಕ್ರಮದಲ್ಲಿ ಸುತ್ತಲಿನ ಪ್ರದೇಶಕ್ಕೆಲ್ಲ ಹಬ್ಬಿರಬಹುದು. ಇಂದು ಅಲ್ಲಿ ಹೆದ್ದಾರಿಯೂ ರೈಲುನಿಲ್ದಾಣವೂ ಇರುವುದರಿಂದ ಅದೆಂದೂ ಹಡಿಲಾಗಿರಲಿಲ್ಲವೆನ್ನುವ ವಾದವೂ ಅಷ್ಟೇ ದುರ್ಬಲ.

ಊಹೆಯು ತ್ಯಾಜ್ಯವೆಂದು ಇದರ ತಾತ್ಪರ್ಯವಲ್ಲ. ಹಳೆಯ ಭೂದಾಖಲೆಗಳಲ್ಲಿ ಹೆಸರಿನ ರೂಪವೇನು, ತುಳುವರಾದ ವೃದ್ಧರ ಉಚ್ಚಾರಣೆಯೇನು ಎಂದು ಹುಡುಕಲು ಪ್ರೇರಿಸುವುದು ಊಹೆಯೇ. ಆದರೆ ಒಬ್ಬನ ಊಹೆಯನ್ನು ಮತ್ತೊಬ್ಬನು ಆಧಾರವೆಂದೆತ್ತಿಕೊಂಡರೆ, ಮೂರನೆಯವನ ಗ್ರಂಥದಲ್ಲಿ ಅದೇ ಸಿದ್ಧಾಂತವಾಗಿ ನಿಲ್ಲುವುದು. ಆದುದರಿಂದ ಊಹೆಯನ್ನು ಊಹೆಯೆಂದೇ ನಿರ್ದೇಶಿಸಿ, ಯಾವ ಸಾಕ್ಷ್ಯವು ದೊರೆತರೆ ಅದನ್ನು ಬಿಡಬೇಕಾಗುವುದೆಂಬುದನ್ನೂ ಜೊತೆಯಲ್ಲಿಯೇ ಹೇಳತಕ್ಕದ್ದು.