ಬಾಂಬುಗಳ ನಡುವೆ ಗೃಹಕೃತ್ಯ

ಯುದ್ಧವೆಂಬುದು ರಣರಂಗದಲ್ಲಿ ನಡೆಯತಕ್ಕದ್ದು, ಮನೆಯ ಹೊಸ್ತಿಲಿನೊಳಕ್ಕೆ ಅದಕ್ಕೆ ಪ್ರವೇಶವಿಲ್ಲವೆಂದು ಬಹುಕಾಲ ಜನರು ಬಗೆದಿದ್ದರು. ವಿಮಾನವು ಈ ಭೇದವನ್ನು ಅಳಿಸಿಬಿಟ್ಟಿತು. 1940ರಲ್ಲಿ ಫ್ರಾನ್ಸ್ ದೇಶವು ಜರ್ಮನರಿಗೆ ಶರಣಾದ ಮೇಲೆ ಇಂಗ್ಲೆಂಡಿಗೂ ಶತ್ರುವಿಗೂ ನಡುವೆ ಉಳಿದುದು, ಅತಿ ಕಿರಿದಾದೆಡೆಯಲ್ಲಿ, 21 ಮೈಲಿಯ ಕಡಲು ಮಾತ್ರ. ಆಗ ಅಲ್ಲಿಯ ಸಾಮಾನ್ಯ ಗೃಹಸ್ಥರು ಬಾಳಿದ ಬಗೆಯು ಸೇನಾಪತಿಗಳ ಚರಿತ್ರೆಗಿಂತ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದಿದೆ. ಆ ರಾಜ್ಯವು ಆಗ ನಮ್ಮನ್ನು ಆಳುತ್ತಿದ್ದುದೂ ನಮ್ಮ ನಾಯಕರನ್ನು ಸೆರೆಯಲ್ಲಿಟ್ಟುದೂ ಮರೆಯತಕ್ಕ ಮಾತಲ್ಲ. ಆದರೆ ಆಳ್ವಿಕೆಯ ಲೆಕ್ಕವನ್ನು ಅಲ್ಲಿಯ ತಾಯಂದಿರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಯುದ್ಧಘೋಷಣೆಗೆ ಎರಡು ದಿನ ಮುಂಚೆಯೇ, 1939ನೆಯ ಸೆಪ್ಟೆಂಬರು 1ರಂದು, ನಗರಗಳ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸುವ ಕಾರ್ಯವು ಮೊದಲಾಯಿತು. ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಜನರು, ಹೆಚ್ಚಿನವರು ಮಕ್ಕಳೇ, ಊರು ಬಿಟ್ಟರು. ಕೊರಳಲ್ಲಿ ವಿಷವಾಯುವಿನ ಮುಖವಾಡದ ಪೆಟ್ಟಿಗೆ, ಎದೆಯ ಮೇಲೆ ಹೆಸರಿನ ಚೀಟಿ, ಕೈಯಲ್ಲೊಂದು ಬಟ್ಟೆಯ ಗಂಟು. ಮಗು ಯಾವ ಊರು ಸೇರಿತೆಂಬುದು ಎಷ್ಟೋ ತಾಯಂದಿರಿಗೆ ತಿಳಿದುದು ಅಲ್ಲಿಂದ ಕಾರ್ಡು ಬಂದ ಮೇಲೆಯೇ. ಉಪಾಧ್ಯಾಯರೂ ಮಕ್ಕಳೊಡನೆ ಹೊರಟರು. ಮೂವತ್ತು ಹುಡುಗರನ್ನು ಒಂದು ದಿನದ ವಿಹಾರಕ್ಕೆ ಕರೆದೊಯ್ದು, ತಲೆಯೆಣಿಸಿ ತಲೆಯೆಣಿಸಿ ದಣಿದ ನಮಗೆ ಅವರ ಅವಸ್ಥೆ ಚೆನ್ನಾಗಿ ಅರ್ಥವಾಗುತ್ತದೆ. ಹಳ್ಳಿಯ ಸಭಾಮಂದಿರದಲ್ಲಿ ಮಕ್ಕಳನ್ನು ನಿಲ್ಲಿಸಲು, ಗೃಹಸ್ಥರು ಬಂದು ತಮಗೆ ಒಪ್ಪಿದವರನ್ನು ಆರಿಸಿಕೊಂಡರು. ಒಂದು ಮಗುವನ್ನು ಸಾಕಿದರೆ ವಾರಕ್ಕೆ 10 ಷಿಲಿಂಗು 6 ಪೆನ್ಸನ್ನು ಸರ್ಕಾರವು ಕೊಡುತ್ತಿತ್ತು. ಅಣ್ಣನಿಗೊಂದು ಮನೆ, ತಂಗಿಗೊಂದು ಮನೆ ಆದದ್ದೂ ಉಂಟು. ಯಾರೂ ಆರಿಸದೆ ಕಡೆಯಲ್ಲಿ ಉಳಿದ ಮಗುವನ್ನು ನೆನೆದರೆ ಕರುಳು ಕಿವುಚುತ್ತದೆ. ಆದರೆ ತಿಂಗಳುಗಳು ಕಳೆದರೂ ಬಾಂಬು ಬೀಳಲಿಲ್ಲ. ತಾಯಂದಿರು ಅಗಲಿಕೆಯನ್ನು ತಡೆಯಲಾರದೆ ಅನೇಕ ಮಕ್ಕಳನ್ನು ಮರಳಿ ಕರೆತಂದುಬಿಟ್ಟರು.

1940ನೆಯ ಸೆಪ್ಟೆಂಬರು 7ರಿಂದ ಲಂಡನ್ನಿನ ಮೇಲೆ 57 ರಾತ್ರಿಗಳು ಎಡೆಬಿಡದೆ ದಾಳಿ ನಡೆಯಿತು. ಮಕ್ಕಳು ಮತ್ತೆ ರೈಲೇರಿದರು. ಮರುವರುಷದ ಮೇ ತಿಂಗಳೊಳಗಾಗಿ ದೇಶದಲ್ಲಿ ಮಡಿದ ನಾಗರಿಕರು 40,000ಕ್ಕೂ ಹೆಚ್ಚು. ಹಿತ್ತಿಲುಳ್ಳವರು ನೆಲವನ್ನಗೆದು, ಉಕ್ಕಿನ ತಗಡುಗಳ ಗೂಡನ್ನು ಅರ್ಧ ಹೂತು, ಮೇಲೆ ಮಣ್ಣು ಸುರಿದು ಅದರೊಳಗೆ ಮಲಗಿದರು. ಮಳೆ ಬಂದರೆ ಅದು ನೀರು ನಿಲ್ಲುವ ಗುಂಡಿ! ಆದರೂ ಆ ಮಣ್ಣಿನ ಮೇಲೆಯೇ ತರಕಾರಿ ಬೆಳೆದ ಗೃಹಿಣಿಯರುಂಟು. ಹಿತ್ತಿಲಿಲ್ಲದ ಬಡವರು ನೆಲದಡಿಯ ರೈಲುನಿಲ್ದಾಣಗಳನ್ನು ನೆಚ್ಚಿದರು. ಸರ್ಕಾರವು ಮೊದಲು ಇದನ್ನು ಒಪ್ಪಲಿಲ್ಲ. ಜನರು ಟಿಕೀಟು ಕೊಂಡು ಇಳಿದರು, ಹಾಸಿಗೆ ಹಾಸಿದರು, ಬೆಳಗಿನವರೆಗೆ ಮೇಲಕ್ಕೆ ಬರಲೇ ಇಲ್ಲ. ಕಡೆಗೆ ಸರ್ಕಾರವೇ ಮಣಿದು ಮಂಚಗಳನ್ನು ಹಾಕಿಸಿತು. ಎಲ್ಲರೂ ಎಲ್ಲ ಕಾಲದಲ್ಲಿಯೂ ಧೀರರಾಗಿದ್ದರೆಂದರೆ ಅಸತ್ಯವಾದೀತು. 1943ನೆಯ ಮಾರ್ಚಿ 3ರಂದು ಬೆತ್ನಲ್ ಗ್ರೀನ್ ನಿಲ್ದಾಣದ ಮೆಟ್ಟಲುಗಳಲ್ಲಿ, ಅಲ್ಲಿ ಒಂದು ಬಾಂಬೂ ಬೀಳದಿದ್ದರೂ, ನೂಕುನುಗ್ಗಲಿನಿಂದಲೇ 173 ಮಂದಿ ಸತ್ತರು.

ಇನ್ನು ಅಡಿಗೆಯ ಮನೆಯ ಮಾತು. ಬೆಣ್ಣೆ ಸಕ್ಕರೆಗಳಿಗೆ 1940ನೆಯ ಜನವರಿಯಿಂದ ರೇಷನ್ನು. ಜುಲೈಯಿಂದ ಚಹಾಕ್ಕೂ, ತಲೆಗೆ ವಾರಕ್ಕೆ 2 ಔನ್ಸು. ಶತ್ರುವು ಇಂದೋ ನಾಳೆಯೋ ಕಡಲು ದಾಟುವನೆಂಬ ಭಯವಿದ್ದ ಆ ಬೇಸಗೆಯಲ್ಲಿ ಅವನಿಗೆ ದಾರಿ ತಿಳಿಯದಿರಲೆಂದು ರಸ್ತೆಯ ಕೈಮರಗಳನ್ನು ಕಿತ್ತರು. ಅವನು ಇಳಿದನೆಂಬ ಸೂಚನೆಗೆ ಮಾತ್ರ ಇರಲೆಂದು ಇಗರ್ಜಿಗಳ ಗಂಟೆಗಳನ್ನು ನಿಲ್ಲಿಸಿದರು, ಮದುವೆಗೂ ಗಂಟೆಯಿಲ್ಲ. 1942ನೆಯ ನವೆಂಬರಿನಲ್ಲಿ ಅವು ಮತ್ತೆ ಮೊಳಗಿದುದು ಈಜಿಪ್ಟಿನ ಜಯಕ್ಕಾಗಿ.

ಹಳ್ಳಿಗಳಲ್ಲಿ ಉಳಿದಿದ್ದ ಮಕ್ಕಳು 1945ರಲ್ಲಿ ಮನೆಗೆ ಮರಳಿದರು. ಐದು ವರುಷದ ಹಸುಳೆಯಾಗಿ ಹೋದವಳು ಹತ್ತು ದಾಟಿದ ಹುಡುಗಿಯಾಗಿ ಬಂದಳು; ಮಾತಿನ ಧಾಟಿಯೂ ಹಳ್ಳಿಯದಾಗಿತ್ತು. ಎದುರುಗೊಳ್ಳಲು ಬಂದಾಕೆಯೇ ತನ್ನ ತಾಯಿಯೆಂದು ತಿಳಿಯದೆ, ಸಾಕಿದಾಕೆಗಾಗಿ ಅತ್ತ ಮಕ್ಕಳೂ ಇದ್ದರು.