ನಗರದ ಬಾವಿಯಿಂದ ಬಂದ ರಾಕೆಟ್‌ಗಳು

ನಮ್ಮ ಕಡೆ ಕೋವಿ ಇರುವ ಮನೆಗಳಿಗೆ ಬರವಿಲ್ಲ. ಅಜ್ಜನ ಕಾಲದಲ್ಲಿ ಬೆಳೆ ರಕ್ಷಣೆಗೆಂದು ಮಾಡಿಸಿದ ಲೈಸೆನ್ಸು, ಅಟ್ಟದ ಮೂಲೆಗೆ ಸೇರಿದ ಕೇಪಿನ ಕೋವಿ, ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವ ಗಡಿಬಿಡಿ: ಕೊಪ್ಪ, ಶೃಂಗೇರಿ, ಎನ್.ಆರ್.ಪುರದವರಿಗೆ ಇದೆಲ್ಲ ಹೊಸತಲ್ಲ. ಆದರೆ ಯುದ್ಧ ಎಂದ ಕೂಡಲೇ ಅದು ಬೇರೆ ಊರಿನವರ ಸಂಗತಿ ಎನ್ನುತ್ತೇವೆ. ಶ್ರೀರಂಗಪಟ್ಟಣದ್ದು, ಚಿತ್ರದುರ್ಗದ್ದು, ಬಿಟ್ಟರೆ ಕೊಡಗಿನವರದ್ದು. ಈ ಕಾಡು, ಈ ಘಾಟಿ, ಈ ಮಳೆ ದಾಟಿ ಯಾವ ದಂಡು ಬರುತ್ತೆ ಎಂಬ ಧೈರ್ಯ ನಮ್ಮದು.

ಹಾಗಾಗಿ ದಸರಾ ರಜೆಯಲ್ಲಿ ಮಕ್ಕಳು ಯುದ್ಧದ ಮ್ಯೂಸಿಯಂ ನೋಡಲೇಬೇಕೆಂದು ಹಟ ಹಿಡಿದಾಗ ಮನೆಯಲ್ಲಿ ಮೊದಲು ಬಂದ ಹೆಸರು ಮಡಿಕೇರಿ. ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಮನೆ ‘ಸನ್ನಿಸೈಡ್’ ಈಗ ವಸ್ತು ಸಂಗ್ರಹಾಲಯ. 2021ರ ಫೆಬ್ರವರಿಯಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. 1948ರಲ್ಲಿ ಜೋಜಿ ಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಿದ ದಂಡನಾಯಕನ ಮನೆ, ನೋಡಬೇಕಾದದ್ದೇ. ಕಾರವಾರದ ಕಡಲ ದಂಡೆಯಲ್ಲಿ ನಿಲ್ಲಿಸಿರುವ ‘ಚಾಪೆಲ್’ ಯುದ್ಧನೌಕೆಯ ಹೆಸರೂ ಬಂತು. ಆದರೆ ಎರಡೂ ಕಡೆಗೆ ಒಂದೇ ದಿನದಲ್ಲಿ ಹೋಗಿ ಬರುವುದೆಂದರೆ ನಮ್ಮತ್ತೆಯ ಮಂಡಿನೋವು ಒಪ್ಪುವುದಿಲ್ಲ. ಕೊನೆಗೆ ಶಿವಮೊಗ್ಗ ಎಂದಾಯಿತು. ಅಲ್ಲೆಂತ ಯುದ್ಧದ ಮ್ಯೂಸಿಯಂ ಮಾರಾಯ್ತಿ ಎಂದು ನಾದಿನಿ ಎನ್.ಆರ್.ಪುರದಿಂದ ಫೋನಿನಲ್ಲೇ ನಕ್ಕಳು.

ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಗೆ ಯುದ್ಧದ ಮ್ಯೂಸಿಯಂ ಎಂಬ ಫಲಕವಿಲ್ಲ, ನಿಜ. ಅದು ಪುರಾತತ್ವ ಇಲಾಖೆಯ ಸಂಗ್ರಹಾಲಯ. ಹೆಸರು ಶಿವಪ್ಪ ನಾಯಕನದಾದರೂ ಈಗಿರುವ ಕಟ್ಟಡ ಹೈದರಾಲಿಯ ಕಾಲದ್ದು, ಅಂದರೆ 18ನೇ ಶತಮಾನದ್ದು ಎನ್ನುತ್ತಾರೆ ಬಲ್ಲವರು. ದಪ್ಪ ಮರದ ಕಂಬಗಳ ದರ್ಬಾರು ಹಜಾರ, ಪಕ್ಕದಲ್ಲೇ ತುಂಗೆ. ನನ್ನ ತವರು ಶೃಂಗೇರಿ. ಅಲ್ಲಿ ಮೀನಿಗೆ ಮಂಡಕ್ಕಿ ಹಾಕಿದ ಹೊಳೆಯೇ ಹರಿಹರಪುರ, ತೀರ್ಥಹಳ್ಳಿ ಸುತ್ತಿಕೊಂಡು ಇಲ್ಲಿಗೆ ಬರುತ್ತದೆ.

ಅಂಗಳದಲ್ಲಿ ಸುತ್ತಮುತ್ತಲಿನ ಊರುಗಳಿಂದ ತಂದ ಶಿಲ್ಪಗಳಿವೆ, ವೀರಗಲ್ಲುಗಳಿವೆ. ಮಕ್ಕಳೊಂದಿಗೆ ಹೋದವರು ಒಳಗೆ ಓಡುವ ಮೊದಲು ಇಲ್ಲಿ ಸ್ವಲ್ಪ ನಿಲ್ಲಬೇಕು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದಷ್ಟು ಹೇಳಿಕೊಟ್ಟರೆ ಸಾಕು, ಉಳಿದದ್ದನ್ನು ಅವರೇ ಬಿಡಿಸುತ್ತಾರೆ. ಕೆಳಗೆ ಹೊಡೆದಾಟ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಎಷ್ಟೋ ವೀರಗಲ್ಲುಗಳು ರಾಜನಿಗಾಗಿ ಸತ್ತವರದ್ದಲ್ಲ, ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವರದ್ದು. ಸೇನೆಯ ಇತಿಹಾಸ ಎಂದರೆ ರಾಜರ ಪಟ್ಟಿ ಎಂದುಕೊಂಡ ಮಗನಿಗೆ ಇದು ಹಿಡಿಸಿತು. ಯಾರ ದನ, ಎಷ್ಟು ದನ ಎಂದು ಕೇಳುತ್ತಲೇ ಇದ್ದ.

ನಾವು ಹೋದದ್ದು ಮುಖ್ಯವಾಗಿ ರಾಕೆಟ್ ನೋಡಲಿಕ್ಕೆ. ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೆಯ ಬಿದನೂರು, ನಮಗೆ ದೂರವಲ್ಲ. ಅಲ್ಲಿನ ತೋಟವೊಂದರ ಹಳೆಯ ಬಾವಿಯ ಹೂಳೆತ್ತುವಾಗ 2002ರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ನೂರಕ್ಕೂ ಹೆಚ್ಚಿದ್ದವು. ಹಳೆಯ ಗುಂಡುಗಳಿರಬೇಕು ಎಂದುಕೊಂಡದ್ದು ಮುಂದೆ ಟಿಪ್ಪು ಕಾಲದ ರಾಕೆಟ್‌ಗಳೆಂದು ತಿಳಿಯಿತು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಆ ಬಾವಿಯನ್ನು ಕ್ರಮವಾಗಿ ಅಗೆದರು. ಮಣ್ಣಿಗೇ ಕೋವಿ ಮಸಿಯ ವಾಸನೆ ಇತ್ತಂತೆ. 3 ದಿನದ ಕೆಲಸದಲ್ಲಿ ಮೇಲೆ ಬಂದದ್ದು ಸಾವಿರಕ್ಕೂ ಹೆಚ್ಚು ರಾಕೆಟ್, ಒಂದೊಂದೂ 23ರಿಂದ 26 ಸೆಂಟಿಮೀಟರ್ ಉದ್ದ. ಅವೆಲ್ಲ ಸೇರಿದ್ದು ಶಿವಮೊಗ್ಗದ ಈ ಸಂಗ್ರಹಕ್ಕೆ.

ನೋಡಲಿಕ್ಕೆ ಎಂಥದ್ದೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚಿನ ತುಕ್ಕು ಕೊಳವೆ. ಉಪಗ್ರಹ ಹಾರಿಸುವ ರಾಕೆಟ್ ಊಹಿಸಿಕೊಂಡಿದ್ದ ಮಗಳ ಮುಖ ಸಪ್ಪಗಾಯಿತು. ಅವಳಿಗೆ ಅದರ ಮರ್ಮ ಬಿಡಿಸಿದವರು ನಮ್ಮ ಮಾವ. ಜಾತ್ರೆಯಲ್ಲಿ ಗರ್ನಾಲು ಹಾರಿಸುವವರ ಜೊತೆ ಹುಡುಗಾಟಿಕೆಯಲ್ಲಿ ಓಡಾಡಿದವರು. “ಮಸಿಯನ್ನು ಎಷ್ಟು ಗಟ್ಟಿ ಜಡಿತೀಯೋ ಅಷ್ಟು ಮೇಲೆ ಹೋಗ್ತದೆ ಮಗಾ, ಆದರೆ ಕೊಳವೆ ತಡಕೊಳ್ಳಬೇಕಲ್ಲ” ಎಂದರು. ವಿಷಯ ಇರುವುದೇ ಅಲ್ಲಿ. ಬಾಣಬಿರುಸು ಲೋಕಕ್ಕೆಲ್ಲ ಮೊದಲೇ ಗೊತ್ತಿತ್ತು. ಆದರೆ ಕಾಗದದ, ಬಿದಿರಿನ ಕೊಳವೆಗಳು ಹೆಚ್ಚು ಒತ್ತಡ ತಾಳದೆ ಸಿಡಿಯುತ್ತಿದ್ದವು. ಹೈದರ್ ಮತ್ತು ಟಿಪ್ಪುವಿನ ಕಮ್ಮಾರರು ಕಬ್ಬಿಣದ ಕೊಳವೆ ಮಾಡಿದರು. ಹೆಚ್ಚು ಮಸಿ, ಹೆಚ್ಚು ಒತ್ತಡ, ಹಿಂದಿನ ಸಣ್ಣ ತೂತಿನಿಂದ ನುಗ್ಗುವ ಬೆಂಕಿ. ದಿಕ್ಕು ತಪ್ಪದಿರಲೆಂದು ಉದ್ದದ ಬಿದಿರ ಗಳು ಕಟ್ಟುತ್ತಿದ್ದರು. ಒಂದು ಮೈಲಿಗೂ ಆಚೆ ಹೋಗಿ ಬೀಳುತ್ತಿತ್ತು. ಒಂದನ್ನೇ ಬಿಟ್ಟರೆ ಎಲ್ಲಿ ಹೋಗುತ್ತದೋ ದೇವರಿಗೇ ಗೊತ್ತು. ಹತ್ತಾರು ಒಟ್ಟಿಗೆ ಬಿಟ್ಟರೆ ಕುದುರೆಗಳು ಬೆದರಿ ದಂಡು ಚೆಲ್ಲಾಪಿಲ್ಲಿ.

1780ರ ಪೊಲ್ಲಿಲೂರು ಕದನದಲ್ಲಿ ಕರ್ನಲ್ ಬೈಲಿಯ ಇಂಗ್ಲಿಷ್ ಪಡೆ ನೆಲಕಚ್ಚಿದಾಗ ಈ ರಾಕೆಟ್‌ಗಳೂ ಅಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಸಿಕ್ಕಿದ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ವುಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ, 1807ರಲ್ಲಿ ಅವು ಕೋಪನ್‌ಹೇಗನ್ ನಗರವನ್ನು ಸುಟ್ಟವು. ಅಮೆರಿಕದ ವಾಲಪ್ಸ್ ಉಡಾವಣಾ ಕೇಂದ್ರದ ಗೋಡೆಯ ಮೇಲೆ ಟಿಪ್ಪು ಸೈನ್ಯದ ರಾಕೆಟ್ ದಾಳಿಯ ಚಿತ್ರ ಕಂಡದ್ದನ್ನು ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕಲಾಂ ಹೆಸರು ಬಂದ ಮೇಲೆ ಮಗಳು ಆ ತುಕ್ಕು ಕೊಳವೆಗೆ ಸ್ವಲ್ಪ ಮರ್ಯಾದೆ ಕೊಟ್ಟಳು.

ಸರಿ, ಇಷ್ಟೊಂದು ಮದ್ದುಗುಂಡು ನಗರದಲ್ಲೇಕೆ? ನಮ್ಮ ಘಾಟಿಯ ಧೈರ್ಯ ಕುಸಿಯುವುದು ಈ ಪ್ರಶ್ನೆಯಲ್ಲೇ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು 1763ರಲ್ಲಿ ಹೈದರ್ ಗೆದ್ದು ಹೈದರ್ ನಗರ ಎಂದು ಕರೆದ. ಮೈಸೂರಿನಿಂದ ಕರಾವಳಿಗಿಳಿಯುವ ದಾರಿಯ ಬೀಗದ ಕೈ ಆ ಊರು. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್‌ನ ಪಡೆ ಕರಾವಳಿಯಿಂದ ಹೊಸಂಗಡಿ ಘಾಟಿ ಹತ್ತಿ ಬಂತು, ಕೋಟೆಯ ಉಸ್ತುವಾರಿಯಲ್ಲಿದ್ದ ಅಯಾಜ್ ಖಾನ್ ಅದನ್ನು ಒಪ್ಪಿಸಿಬಿಟ್ಟ. ನಾಲ್ಕು ತಿಂಗಳೊಳಗೆ ಟಿಪ್ಪು ಬಂದು ಮುತ್ತಿಗೆ ಹಾಕಿ ಕಿತ್ತುಕೊಂಡ. ಇಷ್ಟೆಲ್ಲ ಆದದ್ದು ನಮ್ಮ ತೀರ್ಥಹಳ್ಳಿಯ ಆಚೆಗೆ.

ದಂಡು ಈಚೆಗೂ ಬಂತು. ಮೂರನೆಯ ಮೈಸೂರು ಯುದ್ಧದಲ್ಲಿ ಮರಾಠರು ಇಂಗ್ಲಿಷರ ಜೊತೆಗಿದ್ದರು. 1791ರಲ್ಲಿ ಪಟವರ್ಧನರ ಸೈನ್ಯದ ಕುದುರೆ ಸವಾರರು ಶೃಂಗೇರಿಗೆ ನುಗ್ಗಿ ಮಠವನ್ನು ದೋಚಿದರು, ಜನರನ್ನು ಕೊಂದರು, ಶಾರದೆಯ ವಿಗ್ರಹವನ್ನು ಕದಲಿಸಿದರು. ಮೂರನೆಯ ಸಚ್ಚಿದಾನಂದ ಭಾರತೀ ಸ್ವಾಮಿಗಳು ಊರು ಬಿಟ್ಟು ಕಾರ್ಕಳಕ್ಕೆ ಹೋಗಬೇಕಾಯಿತು. ಅಲ್ಲಿಂದ ಅವರು ಟಿಪ್ಪುವಿಗೆ ಪತ್ರ ಬರೆದರು. ಟಿಪ್ಪು ಕನ್ನಡದಲ್ಲೇ ಉತ್ತರ ಬರೆಸಿದ. ಶಾರದೆಯ ಪುನಃಪ್ರತಿಷ್ಠೆಗೆ 200 ರಾಹತಿ ನಗದು, ಜೊತೆಗೆ ಧಾನ್ಯ ಕೊಡುವಂತೆ ಅವನು ಅಪ್ಪಣೆ ಮಾಡಿದ್ದು ನಗರದ ಅಸಫನಿಗೆ, ಅಂದರೆ ಅಲ್ಲಿನ ಅಧಿಕಾರಿಗೆ. ಈ ಪತ್ರಗಳನ್ನು 1916ರಲ್ಲಿ ಮಠದಲ್ಲಿ ಕಂಡು ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್.

ಟಿಪ್ಪುವಿನ ಹೆಸರು ಎತ್ತಿದರೆ ನಮ್ಮ ಕಾರಿನಲ್ಲೂ ಎರಡು ಪಕ್ಷ. ಮಠಕ್ಕೆ ದುಡ್ಡು ಕೊಟ್ಟವನಲ್ಲವಾ ಎಂದು ನಾದಿನಿಯ ಗಂಡ. ಅವನ ಕೈಯಲ್ಲಿ ನರಳಿದ ಕೊಡಗಿನವರನ್ನು, ಮಂಗಳೂರಿನ ಕ್ರೈಸ್ತರನ್ನು ಕೇಳಿ ನೋಡು ಎಂದು ಮಾವ. ಎರಡೂ ನಡೆದದ್ದೇ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಂಡರೆ ಮಕ್ಕಳಿಗೆ ಸಿಗುವುದು ಅರ್ಧ ಇತಿಹಾಸ. ಅವರೆದುರು ವಾದಕ್ಕಿಂತ ವಸ್ತು ಇಡುವುದು ಮೇಲು ಎಂದು ನನಗನ್ನಿಸುತ್ತದೆ: ಇದು ಕೊಳವೆ, ಹೀಗೆ ಉರಿಯುತ್ತಿತ್ತು, ಇಂಥವರ ಮೇಲೆ ಬಿತ್ತು. ಇದು ಪತ್ರ, ಇಂಥವರು ಬರೆದರು, ಈ ಕಾರಣಕ್ಕೆ. ತೀರ್ಮಾನ ಅವರೇ ಮಾಡಿಕೊಳ್ಳಲಿ, ಬೇಕಾದಷ್ಟು ವಯಸ್ಸಿದೆ.

ಹಿಂದಿರುಗುವಾಗ ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಕಾರು ನಿಲ್ಲಿಸಬೇಕಾಯಿತು. ಆನೆ ಸ್ನಾನ ಬೆಳಗಿನ ಹೊತ್ತು ಮಾತ್ರ, ನಾವು ಹೋದಾಗ ಮುಗಿದಿತ್ತು. ಆನೆ ಇಲ್ಲವೆಂದು ಮಕ್ಕಳು ಗೊಣಗುವಾಗ ಈ ಗಾಜನೂರಿನ ಕಾಡಿನ ಕಥೆ ತೆಗೆದೆ. 1791ರ ಡಿಸೆಂಬರ್ ಕೊನೆಯಲ್ಲಿ ಇಲ್ಲೇ ಟಿಪ್ಪುವಿನ ಪಡೆಗೂ ಪರಶುರಾಮ ಭಾವುವಿನ ಮರಾಠಾ ಸೈನ್ಯ, ಅದರೊಂದಿಗಿದ್ದ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿಗೂ ಕದನ ನಡೆಯಿತು. ಮೈಸೂರಿನವರು ಸೋತರು, ಜನವರಿ ಮೊದಲಲ್ಲೇ ಶಿವಮೊಗ್ಗದ ಕೋಟೆ ಶರಣಾಯಿತು. ಮಗ ಕಿಟಕಿಯಿಂದ ಹೊರಗೆ ನೋಡಿ, “ಇಲ್ಲಿ ಬೋರ್ಡೇ ಇಲ್ಲವಲ್ಲ ಅಮ್ಮ” ಎಂದ.

ಹೋಗುವವರಿಗೆ ನನ್ನದೊಂದು ಸಲಹೆ. ಕೊಪ್ಪದ ಕಡೆಯವರು ಬೆಳಿಗ್ಗೆ ಬೇಗ ಹೊರಟು ಮೊದಲು ಸಕ್ರೆಬೈಲು, ಆಮೇಲೆ ಅರಮನೆ ಎಂದು ಇಟ್ಟುಕೊಳ್ಳಿ. ಎನ್.ಆರ್.ಪುರದವರು ಉಂಬ್ಳೇಬೈಲಿನ ದಾರಿಯಲ್ಲಿ ಬಂದು ಶಿವಮೊಗ್ಗದಲ್ಲೇ ಸೇರಿಕೊಳ್ಳಬಹುದು. ನಗರದ ಕೋಟೆ, ಪಕ್ಕದ ದೇವಗಂಗೆ ಕೊಳಕ್ಕೆ ಬೇರೆ ದಿನವೇ ಬೇಕು. ಮಳೆಗಾಲದಲ್ಲಿ ಅತ್ತ ಹೋಗಬೇಡಿ: ಕಲ್ಲಿನ ಮೇಲೆ ಹಾವಸೆ, ಕಾಲಿಗೆ ಇಂಬಳ. ಡಿಸೆಂಬರಿನ ನಂತರ ಹೋದರೆ ಬುರುಜಿನ ತನಕ ಹತ್ತಬಹುದು. ನಮ್ಮತ್ತೆ ಆಗಲೇ ಹೇಳಿದ್ದಾರೆ, ತಾನು ಕೆಳಗೆ ಕೂತು ಚಿತ್ರಾನ್ನದ ಡಬ್ಬಿ ಕಾಯುತ್ತೇನೆ, ಮಡಿಕೇರಿಯ ಮಾತು ಮಾತ್ರ ಈ ವರ್ಷ ಎತ್ತಬೇಡಿ ಎಂದು.